ಎರಡನೇ ಶನಿವಾರದ ಸಲೋಮಿ ಟೀಚರ್

ಹಾಡು ಕಿವಿಗೆ ಬಿದ್ದರೆ ಸಲೋಮಿ ಟೀಚರ್ ಬಸ್ಸು ನಿಲ್ಲಿಸುತ್ತಿದ್ದರು. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವಾಗ ಕಿಟಕಿ ಪಕ್ಕದ ಸೀಟೇ ಆಗಬೇಕು. ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಸೊಲ್ಲು ಗಾಳಿಯಲ್ಲಿ ಬಂತೋ, "ಕಂಡಕ್ಟರಪ್ಪಾ, ಇಲ್ಲೇ ಇಳ್ಸಿಬಿಡು" ಎಂದು ಎದ್ದೇಬಿಡುವರು. ಊರಿಲ್ಲದ, ಮರದ ನೆರಳೂ ಇಲ್ಲದ ಕಡೆ ಐವತ್ತು ದಾಟಿದ ಹೆಂಗಸೊಬ್ಬರು ಕೊಡೆ ಬಿಚ್ಚಿಕೊಂಡು ಹೊಲಕ್ಕಿಳಿಯುವುದನ್ನು ಬಸ್ಸಿನವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಸಂಜೆ ನನ್ನ ಅಂಗಡಿಗೆ ಬಂದು, ಟಿಕೆಟ್ಟಿನ ಬೆನ್ನ ಮೇಲೆ ಬರೆದುಕೊಂಡ ಹೆಸರು ತೋರಿಸಿ, "ಲೇ ರಫೀಕ, ಇವತ್ತೊಂದು ಗಂಟ್ಲು ಸಿಕ್ಕೈತೆ ಕಣೋ" ಎನ್ನುವರು. ಅಂಥ ಟಿಕೆಟ್ಟುಗಳನ್ನು ಸಿಕ್ಕಿಸಿ ಸಿಕ್ಕಿಸಿ ಅವರ ಬೈಬಲ್ಲು ಮುಚ್ಚಲಾರದಷ್ಟು ಉಬ್ಬಿತ್ತು.

ನನ್ನದು ಚಳ್ಳಕೆರೆಯಲ್ಲಿ ರೇಡಿಯೋ ರಿಪೇರಿ ಮತ್ತು ಮೈಕ್‌ಸೆಟ್ಟಿನ ಅಂಗಡಿ. ಟೀಚರು ಮೂರನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿ ಮಗ್ಗಿ ಕಲಿಸಿದವರು. ನನಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಆ ಕಿವಿ ತಮ್ಮದೇ ಎಂದುಕೊಂಡಿದ್ದರು.

ತೊಂಬತ್ತರ ದಶಕದ ಕೊನೆಗೆ ನಮ್ಮೂರ ಸಣ್ಣ ಚರ್ಚಿಗೆ ಹೊಸ ಸಭಾಪಾಲಕರು ಬಂದರು. ಇನ್ನೂ ಹರೆಯ, ಧೈರ್ಯ ಜಾಸ್ತಿ. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಟೀಚರನ್ನು ಕರೆದು, ತಿಂಗಳಿಗೊಂದು ಸಂಜೆ ನಮ್ಮ ಬಾಗಿಲನ್ನು ಎಲ್ಲರ ಹಾಡಿಗೂ ತೆರೆಯೋಣ ಎಂದರು. ಸಭೆಯ ಹಿರಿಯರಿಗೆ ಇದು ಹಿಡಿಸಲಿಲ್ಲ. "ದೇವಾಲಯದಾಗೆ ಕಂಡೋರ ದೇವ್ರ ಪದ ಯಾಕ್ರೀ ಅಯ್ನೋರೇ?" ಎಂದು ಒಬ್ಬರು ಎದ್ದು ನಿಂತರು. ಉತ್ತರ ಕೊಟ್ಟವರು ಟೀಚರು: "ದೇವ್ರಿಗೆ ಒಂದೇ ರಾಗ ಸಾಕಾಗಿದ್ರೆ ಇಷ್ಟೊಂದು ಗಂಟ್ಲು ಯಾಕೆ ಮಾಡ್ತಿದ್ದ?" ಎರಡನೇ ಶನಿವಾರದ ಹಾಡು ಶುರುವಾದದ್ದು ಹಾಗೆ. ಮೈಕು ನನ್ನದು, ಬಾಡಿಗೆ ಇಲ್ಲ. ಕೇಳಲು ಹೋದರೆ ಕಿವಿಗೆ ಕೈ ಬರುತ್ತಿತ್ತು.

ಆ ಪುಟ್ಟ ಚರ್ಚಿಗೆ ಯಾರು ಬರಲಿಲ್ಲ! ಮೊಳಕಾಲ್ಮುರಿನ ಸೀರೆ ನೇಯುವವರು ತೆಲುಗು ಭಜನೆ ಹಾಡಿದರು. ನಮ್ಮ ಚಿಕ್ಕಪ್ಪನ ಮೇಳದವರು ಕವ್ವಾಲಿ ಹಾಡಿದರು. ಶಿಲುಬೆಗೆ ಬೆನ್ನು ಮಾಡಿ ಕೂರಬಹುದೋ ಇಲ್ಲವೋ ಎಂದು ಚಿಕ್ಕಪ್ಪ ಅನುಮಾನಿಸಿದಾಗ ಟೀಚರು, "ಜನದ ಕಡೀಗೆ ಮುಖ ಮಾಡ್ರಿ ಭಾಯಿ, ಆತ ಹಿಂದಿನಿಂದ್ಲೂ ಕೇಳ್ತಾನೆ" ಎಂದರು. ತಮಟೆಯವರು ಬಂದ ದಿನ ಅವರು ಅಭ್ಯಾಸಬಲದಿಂದ ಹೊಸ್ತಿಲಾಚೆಯೇ ನಿಂತುಬಿಟ್ಟರು. ಎಷ್ಟು ಕರೆದರೂ ಒಳಗೆ ಬಾರರು. ಟೀಚರು ವಾದ ಮಾಡಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಅವರ ಪಕ್ಕ ಕೂತರು. ಸಭಾಪಾಲಕರೂ ಬಂದು ಕೂತರು. ಕೊನೆಗೆ ತಮಟೆಯವರೇ ಸಂಕೋಚಪಟ್ಟುಕೊಂಡು, "ಏಳ್ರವ್ವ, ಒಳಗೇ ಹೋಗಾನ" ಎಂದರು. ಆ ದಿನ ಚರ್ಚಿನ ಹೆಂಚು ಉದುರಲಿಲ್ಲವೆಂಬುದೇ ಆಶ್ಚರ್ಯ.

ಟೀಚರದೊಂದು ಕಟ್ಟುನಿಟ್ಟಿನ ನೇಮವಿತ್ತು. ಬಂದವರು ಮೊದಲು ಉಣ್ಣಬೇಕು, ಆಮೇಲೆ ಹಾಡಬೇಕು. ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಪಾತ್ರೆಯಿಂದ. "ಹಾಡಿದ್ಮೇಲೆ ಊಟ ಹಾಕಿದ್ರೆ ಅದು ಕೂಲಿ. ಮೊದ್ಲೇ ಹಾಕಿದ್ರೆ ಅವ್ರು ನೆಂಟ್ರು" ಎನ್ನುತ್ತಿದ್ದರು. ಪೇಟೆಯ ಸಂಗೀತದ ಮೇಷ್ಟ್ರೊಬ್ಬರು ತಮಗೆ ಊಟ ಬೇಡ, ಮನೆಯಲ್ಲಿ ಆಗಿದೆ ಎಂದಾಗ ಟೀಚರು ಕೈಮುಗಿದು, "ಹಂಗಾದ್ರೆ ಬರೋ ತಿಂಗ್ಳು ಬರ್ರಿ, ಹಸ್ಕೊಂಡು" ಎಂದು ಬೀಳ್ಕೊಟ್ಟಿದ್ದರು. ನನಗೆ ಆಗ ಅದು ಬಹಳ ದೊಡ್ಡ ಮಾತಾಗಿ ಕಂಡಿತ್ತು.

ಓಬಜ್ಜನನ್ನು ಅವರು ಹುಡುಕಿದ್ದು ಮೊಳಕಾಲ್ಮುರಿನ ದಾರಿಯಲ್ಲಿ, ದನ ಮೇಯುವ ಕಾವಲಿನಲ್ಲಿ. ದೇವರ ಎತ್ತುಗಳನ್ನು ಸಾಕುವ ಮ್ಯಾಸ ಬೇಡರ ಹಟ್ಟಿಯವನು. ಆ ಎತ್ತುಗಳ ಹಿಂದಿನ ಕಥೆಯನ್ನೆಲ್ಲ ಅವುಗಳ ಮುಂದೆ ನಿಂತು ಹಾಡುವುದು ಅವನ ಮನೆತನದ ಕೆಲಸ. ಆ ಪದಗಳು ಪೂರ್ತಿ ಬರುತ್ತಿದ್ದದ್ದು ಅವನೊಬ್ಬನಿಗೆ. ಆ ಹಟ್ಟಿಯೊಳಗೆ ಕೋಳಿ ಬರುವಂತಿಲ್ಲ. ತಿನ್ನುವುದಿರಲಿ, ಸಾಕುವಂತೆಯೂ ಇಲ್ಲ. ಹಾಡುವವನಿಗಂತೂ ಈ ಕಟ್ಟು ಪ್ರಾಣಕ್ಕಿಂತ ಹೆಚ್ಚು. ಟೀಚರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಲ ಸಲ ಅವನು ಬಂದಾಗ ಸಭಾಪಾಲಕರ ಹೆಂಡತಿಯ ಕೋಳಿಗಳನ್ನು ಹಿಂದಿನ ದಿನವೇ ಬುಟ್ಟಿಯಲ್ಲಿ ತುಂಬಿ ಬೇರೆಯವರ ಮನೆಗೆ ಸಾಗಿಸಿ, ಅಂಗಳಕ್ಕೆ ಸಗಣಿ ಸಾರಿಸಿದ್ದರು. ಓಬಜ್ಜ ಕಣ್ಣುಮುಚ್ಚಿ ಮೂರು ತಾಸು ಹಾಡಿದ. ಎಣ್ಣೆ ಗಿರಣಿಯ ಹಮಾಲರು ಮೂಟೆ ಬಿಟ್ಟು ಬಂದು ಕಾಂಪೌಂಡಿನ ಮೇಲೆ ಕೂತು ಕೇಳಿದರು.

ಎರಡನೇ ಸಲ ಅವನನ್ನು ಕರೆದದ್ದು ಡಿಸೆಂಬರಿನಲ್ಲಿ. ಕೋಳಿಗಳು ಮತ್ತೆ ಬುಟ್ಟಿ ಸೇರಿದವು. ಅನ್ನ, ಸಾರು, ಹುಗ್ಗಿ, ಎಲ್ಲ ಹೊಸ ಪಾತ್ರೆಯಲ್ಲಿ. ಹಬ್ಬದ ತಿಂಗಳೆಂದು ಟೀಚರು ತಮ್ಮ ಕೈಯಾರೆ ಕೇಕು ಮಾಡಿದ್ದರು. ಓಬಜ್ಜನಿಗೆ ಅದು ಬಲು ರುಚಿಸಿತು. ಎರಡು ತುಂಡು ತಿಂದು, ಮನೆಯವರಿಗೆಂದು ಇನ್ನೊಂದನ್ನು ಪಂಚೆಯ ಸೆರಗಿಗೆ ಕಟ್ಟಿಕೊಂಡ.

ಮೈಕು ನನ್ನ ಕೈಯಲ್ಲಿತ್ತು. ಮೈಕು ಸಿಕ್ಕರೆ ನನ್ನ ಬಾಯಿ ನಿಲ್ಲದು. "ನಮ್ಮ ಟೀಚರಮ್ಮ ಇಪ್ಪತ್ನಾಲ್ಕು ಮೊಟ್ಟೆ ಒಡೆದು ಮಾಡಿರೋ ಕೇಕು! ತಿಂದೋರೆಲ್ಲ ಜೋರಾಗಿ ಕೂಗ್ರಪ್ಪಾ" ಎಂದೆ.

ಜನ ನಕ್ಕರು. ಓಬಜ್ಜ ನಗಲಿಲ್ಲ. ಹಾಡಲು ಎದ್ದು ನಿಂತಿದ್ದವನು ಟೀಚರ ಕಡೆ ತಿರುಗಿ, "ಮೊಟ್ಟೆ ಹಾಕೀಯೇನವ್ವಾ ಇದ್ರಾಗೆ?" ಎಂದು ಕೇಳಿದ. ನಾವೆಲ್ಲ ಟೀಚರ ಮುಖ ನೋಡಿದೆವು. ಇಲ್ಲವೆನ್ನಲಿ, ರಫೀಕನದು ತಮಾಷೆ ಎನ್ನಲಿ ಎಂದು ನಾನು ಅಲ್ಲಾಹನನ್ನು ಬೇಡಿಕೊಂಡೆ. ಅವರು ಓಬಜ್ಜನನ್ನೇ ನೋಡಿ ಹೇಳಿದರು:

"ಹೂಂ ಅಜ್ಜ. ಹಾಕಿದೀನಿ. ಕೋಳಿ ನೆನಪಿತ್ತು, ಕೇಕಿನಾಗಿರೋದು ನೆನಪಾಗ್ಲಿಲ್ಲ. ತಪ್ಪಾತು."

ಅವನು ಸೆರಗಿನ ಗಂಟು ಬಿಚ್ಚಿ ತುಂಡನ್ನು ಮೆಟ್ಟಿಲ ಮೇಲಿಟ್ಟ. ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ, ಮುಕ್ಕಳಿಸಿದ, ಮುಕ್ಕಳಿಸುತ್ತಲೇ ಇದ್ದ. ನಾನು ಓಡಿಹೋಗಿ, "ಯಾರಿಗೂ ಹೇಳ್ಬ್ಯಾಡಜ್ಜ, ನಾವ್ಯಾರೂ ಬಾಯಿ ಬಿಡಲ್ಲ" ಎಂದೆ.

"ಎತ್ತಿಗೆ ಗೊತ್ತಾಗ್ತೈತಲ್ಲಪ್ಪಾ" ಎಂದ. ಕೋಪವೇ ಇರಲಿಲ್ಲ ಆ ದನಿಯಲ್ಲಿ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಹಟ್ಟಿಯ ಹಿರಿಯರಿಗೆ ಅವನೇ ಹೇಳಿದನಂತೆ. ಮೂರು ತಿಂಗಳು ಹೊಲದ ಗುಡಿಸಲಲ್ಲಿ ಒಬ್ಬನೇ ಇದ್ದ. ಆಮೇಲೆ ಶುದ್ಧ ಮಾಡಿ ಒಳಗೆ ಕರೆದುಕೊಂಡರು. ಆದರೆ ದೇವರ ಎತ್ತಿನ ಮುಂದೆ ಇನ್ನೆಂದೂ ಹಾಡಕೂಡದೆಂದು ತೀರ್ಮಾನವಾಯಿತು. ಆ ಸುದ್ದಿ ತಿಳಿದ ದಿನವೇ ಟೀಚರು ನನ್ನನ್ನು ಎಳೆದುಕೊಂಡು ಹಟ್ಟಿಗೆ ಹೊರಟರು. ಮುಳ್ಳಿನ ಬೇಲಿಯ ಹೊರಗೇ ಚಪ್ಪಲಿ ಬಿಟ್ಟು, ಸುಡುವ ನೆಲದ ಮೇಲೆ ನಿಂತರು. ಯಜಮಾನರೊಬ್ಬರು ಹೊರಗೆ ಬಂದು ಕೈಮುಗಿದು ಮಾತಾಡಿಸಿದರು.

"ನಂಗೇನು ಶಿಕ್ಷೆ ಕೊಡ್ತೀರೋ ಕೊಡ್ರಿ ಯಜಮಾನ್ರೇ. ಅವ್ರಿಗೆ ಹಾಡಾಕೆ ಬಿಡ್ರಿ" ಎಂದರು ಟೀಚರು.

"ನಿಮಗ್ಯಾಕ್ರಮ್ಮ ಶಿಕ್ಷೆ? ನೀವು ನಮ್ಮೋರಲ್ಲವಲ್ಲ" ಎಂದರು ಯಜಮಾನರು. ಮರ್ಯಾದೆಯಿಂದಲೇ ಅಂದರು, ಮಜ್ಜಿಗೆಯನ್ನೂ ತರಿಸಿಕೊಟ್ಟರು. ಓಬಜ್ಜ ದೂರದಲ್ಲಿ ಕೂತಿದ್ದವನು ಬೇಡವೆಂಬಂತೆ ತಲೆ ಅಲ್ಲಾಡಿಸಿದ, ಅಷ್ಟೆ.

ಮುಂದಿನ ಎರಡನೇ ಶನಿವಾರ ಟೀಚರು ಚರ್ಚಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸಭಾಪಾಲಕರು ಮನೆಗೆ ಹೋಗಿ ಬೇಡಿಕೊಂಡರು. "ನಾನು ಕರೆದ್ರೆ ಮನೆ ಹಾಳಾಗ್ತವೆ ಅಯ್ನೋರೇ" ಎಂದರಂತೆ. ವರ್ಷ ಕಳೆಯುವುದರೊಳಗೆ ಸಭಾಪಾಲಕರಿಗೂ ವರ್ಗವಾಯಿತು. ಸಭೆಯ ಹಿರಿಯರು ಕಾಂಪೌಂಡಿಗೆ ಹೊಸ ಗೇಟು ಹಾಕಿಸಿದರು. ಒಮ್ಮೆ ಮೊಳಕಾಲ್ಮುರಿನ ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಹೊಲದಿಂದ ಹಾಡು ಬಂತು. ಟೀಚರು ಕೈಚಾಚಿ ಕಿಟಕಿಯ ಗಾಜು ಎಳೆದುಬಿಟ್ಟರು. ನಾನು ಅವರನ್ನು ಮಾತಾಡಿಸದೆ ನನ್ನ ಸ್ಟಾಪಿನಲ್ಲಿ ಇಳಿದುಕೊಂಡೆ. ಹೇಡಿತನ, ಬೇರೇನಲ್ಲ.

ಟೀಚರು ಕಾಯಿಲೆಯಾಗಿ ಮಲಗಿದ್ದಾಗ ಒಂದು ಮಧ್ಯಾಹ್ನ ನೋಡಲು ಹೋದೆ. ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತನ್ನು ಆಡಿಬಿಟ್ಟೆ: "ನನ್ನಿಂದಾತು ಟೀಚರ್. ಆ ಮೈಕು ಹಿಡೀದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅವರು ನನ್ನ ಕಡೆ ಹೊರಳಿದರು. "ನೀನು ತಿಳೀದೆ ಅಂದೆ ಕಣೋ. ನಾನು ತಿಳಿದೂ ತಿಳಿದೂ ಅಂದೆ. ಇಲ್ಲ ಅಂತ ಒಂದು ಮಾತು ಸಾಕಿತ್ತು. ಅವನ ಪದ ಉಳೀತಿತ್ತು. ನನ್ನ ಬಾಯಾಗೆ ಸುಳ್ಳು ಬರಬಾರದು ಅನ್ನೋ ಜಂಬ ನಂಗೆ. ಅವನ ಬಾಯಿ ಕಟ್ಟಿ ನನ್ನ ಬಾಯಿ ಚೊಕ್ಕಟ ಇಟ್ಕೊಂಡೆ."

ಹಾಗಲ್ಲ ಎನ್ನಬೇಕಿತ್ತು. ಅವರ ದಿಂಬು ಸರಿಮಾಡಿ ಎದ್ದು ಬಂದೆ. ಅದೇ ನಮ್ಮ ಕೊನೆಯ ಭೇಟಿ.

ಅವರನ್ನು ಮಣ್ಣು ಮಾಡುವಾಗ ಹದಿನೈದು ಜನ ಇದ್ದೆವೇನೋ. ಹೊಸ ಸಭಾಪಾಲಕರು ವಾಕ್ಯ ಓದಿ, ಹಾಡಿ ಎಂದರು. ನಮ್ಮೂರ ಚರ್ಚಿನಲ್ಲಿ ಇಪ್ಪತ್ತು ವರ್ಷದಿಂದ ಭಾನುವಾರದ ಹಾಡು ಎತ್ತಿಕೊಡುತ್ತಿದ್ದವರು ಪೆಟ್ಟಿಗೆಯಲ್ಲಿದ್ದರು. ಯಾರೋ ಶುರು ಮಾಡಿದರು, ಶ್ರುತಿ ಮೇಲೆ ಹೋಯಿತು. ಇನ್ನೊಬ್ಬರು ಹಿಡಿದರು, ಅದೂ ತುಂಡಾಯಿತು. ಒಂದು ಸಾಲೂ ಮುಗಿಯಲಿಲ್ಲ. ಸಲಿಕೆಗಳ ಸದ್ದೇ ಕೇಳಿಸಿತು.

ಒಂದು ವಾರ ಬಿಟ್ಟು ನಾನೊಬ್ಬನೇ ಹಟ್ಟಿಗೆ ಹೋದೆ. ಓಬಜ್ಜ ಬೇಲಿಯಾಚೆ ಕೂತು ಹಗ್ಗ ಹೊಸೆಯುತ್ತಿದ್ದ. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದ. ಟೀಚರು ಹೋದರೆಂದೆ. ಅವನ ಕೈ ನಿಂತಿತು.

"ಮಣ್ಣಿಗಿಡೋವಾಗ ಪದ ಹೇಳಿದ್ರೇನಪ್ಪಾ?"

"ಹೇಳಿದ್ರು ಅಜ್ಜ. ಎಲ್ರೂ ಸೇರ್ಕೊಂಡು ಹೇಳಿದ್ರು" ಎಂದೆ. ನನ್ನ ದನಿ ನನಗೇ ಸರಿಯಾಗಿಯೇ ಕೇಳಿಸಿತು.

"ಒಳ್ಳೇದಾತು. ಯಾವ ಪದ ಅದು? ನಂಗೂ ಒಂದು ಸೊಲ್ಲು ಹೇಳು" ಎಂದ.

ನಾನು ಬಾಯಿ ತೆರೆದೆ. ಮೂರು ವರ್ಷ ಪ್ರತಿ ಎರಡನೇ ಶನಿವಾರ ಅಷ್ಟು ಜನರ ಹಾಡು ಕೇಳಿದ್ದ ನನಗೆ ಒಂದು ಸಾಲೂ ಬರಲಿಲ್ಲ. ಓಬಜ್ಜ ಕಾದ. ಆಮೇಲೆ ತಲೆ ತಗ್ಗಿಸಿ ಮತ್ತೆ ಹಗ್ಗ ಹೊಸೆಯತೊಡಗಿದ.