ಏಳನೇ ರೀಲಿನಲ್ಲಿ ಎದ್ದು ಬಂದ ತಾಯಿ

ಬೆಳಗಿನ ಐದೂವರೆ. ಅಮೃತಹಳ್ಳಿಯ ಮಹಡಿ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತ ಪಿಳ್ಳಪ್ಪ ಹಳೆಯ ಫಿಲ್ಮಿನ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ನಿಧಾನವಾಗಿ ಎಳೆಯುತ್ತಾರೆ. ತುಂಡಿಗೆ ತುಂಡು ಅಂಟಿಸಿದ ಜೋಡಣೆ ಸಿಕ್ಕಲ್ಲಿ ಬೆರಳು ತಾನಾಗಿ ನಿಲ್ಲುತ್ತದೆ. ಬಿಸಿಲೇರಿದರೆ ಸುರುಳಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ರಸ್ತೆಯ ಧೂಳೂ ಏಳುತ್ತದೆ. ಅದಕ್ಕೇ ದಿನಕ್ಕೆ ಮೂರೇ ಗಂಟೆ, ಒಂದೇ ರೀಲು, ಐವತ್ತು ಅರವತ್ತು ಜೋಡಣೆ.

"ಬಂದೋರೆಲ್ಲಾ ಮೊದ್ಲು ರೀಲಿನ ಡಬ್ಬ ತೆಗ್ದು ಮೂಸ್ತಾರೆ, ಆಮ್ಯಾಕೆ ಒಂದ್ ಸೆಲ್ಫಿ. ಬೆವರು ಕೈಲಿ ಮುಟ್ಬ್ಯಾಡ್ರಪ್ಪಾ ಅಂತ ಎಷ್ಟ್ ಸಲ ಬಡ್ಕೊಳ್ಳಾದು?" ಎಂದು ಸಿಡುಕುತ್ತಾರೆ.

ಅರವತ್ತೆಂಟರ ಪಿಳ್ಳಪ್ಪ ಯಶವಂತಪುರದ ಚಿತ್ರಮಂದಿರವೊಂದರಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು. ಪ್ರೊಜೆಕ್ಟರ್ ಕ್ಯಾಬಿನ್ನಿನ ಹೊಗೆ ಕೆಮ್ಮು ಕೊಟ್ಟಿತು. ಚಿತ್ರಮಂದಿರ ಮುಚ್ಚಿದ ಮೇಲೆ ಹನ್ನೆರಡು ವರ್ಷ ಹೆಬ್ಬಾಳದ ಅಪಾರ್ಟ್‌ಮೆಂಟಿನ ಗೇಟು ಕಾದರು. ಚಿತ್ರಮಂದಿರದ ಕಟ್ಟಡ ಕೆಡವುವ ದಿನ ಯಾರಿಗೂ ಬೇಡವಾದ ಹತ್ತು ಡಬ್ಬಗಳನ್ನು ಆಟೋಗೆ ಹೇರಿಕೊಂಡು ಮನೆಗೆ ತಂದರು. ಒಳಗಿದ್ದದ್ದು ಒಂದು ಮಲಯಾಳಂ ಚಿತ್ರ. ಎಂಬತ್ತಮೂರರಲ್ಲಿ ಮೂರು ಭಾನುವಾರ ಬೆಳಗಿನ ಆಟ ಕಂಡು ಮರೆತೇಹೋಗಿದ್ದು.

ಹೋದ ವರ್ಷ ಸಹಕಾರನಗರದ ನಿರ್ದೇಶಕ ಮನೋಹರ್ ಅದನ್ನು ಹುಡುಕಿಕೊಂಡು ಬಂದರು. ಕಳೆದುಹೋದ ಸಿನಿಮಾ ಪತ್ತೆಯಾಗುವ ಕಥೆಯನ್ನೇ ಅವರೀಗ ಮಲಯಾಳಂನಲ್ಲಿ ಚಿತ್ರ ಮಾಡುತ್ತಿದ್ದಾರೆ. ಹಳೆಯ ಚಿತ್ರದಲ್ಲಿ ತಾಯಿ ಐದನೇ ರೀಲಿನಲ್ಲಿ ಸಾಯುತ್ತಾಳೆ, ಏಳನೆಯದರಲ್ಲಿ ಎದ್ದು ಬಂದು ಮಗನಿಗೆ ಗಂಜಿ ಬಡಿಸುತ್ತಾಳೆ. ಅದನ್ನು ಕಂಡು ಮನೋಹರ್ ಕರೆತಂದ ಸಿನಿಮಾ ಪಂಡಿತರೆಲ್ಲ ಬೆರಗಾದರು. ಮನೋಹರ್ ತಮ್ಮ ಕಥೆಯನ್ನೇ ಅದರ ಮೇಲೆ ಕಟ್ಟಿದ್ದಾರೆ.

ಸೋಮವಾರ ರೀಲುಗಳು ಸ್ಕ್ಯಾನಿಂಗಿಗೆ ಹೋಗಬೇಕು. ಈ ವಾರ ಏಳನೆಯದನ್ನು ಒರೆಸುವಾಗ ಪಿಳ್ಳಪ್ಪನವರ ಬೆರಳಿಗೆ ಓರೆಯಾದ ಜೋಡಣೆಯೊಂದು ಸಿಕ್ಕಿತು. "ಅಂಗೆ ಓರೆಯಾಗಿ ಬ್ಲೇಡ್ ಹಾಕ್ತಿದ್ದೋನು ನಾನೊಬ್ನೇ. ಮೂರನೇ ರೀಲಲ್ಲೂ ಅಂಥದೇ ಓರೆ ಗುರುತದೆ."

ಬೆಳಗಿನ ಆಟ ಮುಗಿಯುತ್ತಲೇ ಮ್ಯಾಟಿನಿಗೆ ಜನ ಗೇಟು ಬಡಿಯುತ್ತಿದ್ದರು. ಹೊತ್ತು ಉಳಿಸಲು ಆಪರೇಟರುಗಳು ನಾಲ್ಕೈದು ನಿಮಿಷದ ತುಂಡು ಕತ್ತರಿಸಿ ಮೊಳೆಗೆ ನೇತುಹಾಕಿ, ಡಬ್ಬ ವಾಪಸು ಕಳಿಸುವಾಗ ಅಂಟಿಸುವುದು ವಾಡಿಕೆ. ಮಲಯಾಳಂ ಅರಿಯದ ಪಿಳ್ಳಪ್ಪ ಮೂರನೇ ರೀಲಿನ ತುಂಡನ್ನು ಏಳಕ್ಕೆ ಅಂಟಿಸಿಬಿಟ್ಟಿದ್ದರು. ಡಬ್ಬ ವಾಪಸು ಒಯ್ಯಲು ಹಂಚಿಕೆದಾರರ ಕಡೆಯಿಂದ ಯಾರೂ ಬರಲೇ ಇಲ್ಲ.

ಇದನ್ನು ತಿಳಿಸಿದಾಗ ಫೋನಿನಲ್ಲಿ ಮನೋಹರ್ ಅಂಗಲಾಚುತ್ತಾರೆ: "ಪಿಳ್ಳಪ್ಪನೋರೇ, ಹಂಗೇ ಬಿಡಿ ಪ್ಲೀಸ್. ನಮ್ ಕ್ಲೈಮ್ಯಾಕ್ಸೇ ಅದು!"

"ಸಾಮಿ, ಆಯಮ್ಮ ಬದುಕಿದ್ದಾಗ ಬಡಿಸಿದ ಗಂಜಿ ಅದು. ಸತ್ತ ಮ್ಯಾಲೆ ಬಡಿಸ್ದಂಗೆ ಮಾಡಿದ್ದು ನಾನು. ನನ್ನ ಗಡಿಬಿಡಿಗೆ ನೀವು ದೊಡ್ಡ ಹೆಸರಿಡ್ತೀರಲ್ಲಾ!"

"ಅವರು ಕೇಳ್ದಂಗೆ ಕೊಟ್ಟು ಕಳಿಸಿ ಅತ್ಲಾಗೆ. ಇನ್ಯಾರಿಗ್ ಗೊತ್ತಾಗ್ತದೆ?" ಎಂದು ಕಾಫಿ ಲೋಟ ಇಡುತ್ತ ಮಡದಿ ದ್ರೌಪದಮ್ಮ ಗೊಣಗುತ್ತಾರೆ.

"ಈ ಪಿಚ್ಚರ್ ಮಾಡಿದ ಪುಣ್ಯಾತ್ಮ ಎದ್ದು ಬಂದು ಇದು ತಪ್ಪು ಅಂತ ಹೇಳ್ತಾನೇನೇ? ಇರೋದು ಇದೊಂದೇ ಪ್ರಿಂಟು. ಇಂಗೇ ಹೋದ್ರೆ ಇದೇ ನಿಜ ಆಗೋಗ್ತದೆ."

ಆ ಕಡೆಯಿಂದ ಮನೋಹರ್, "ನನ್ನ ಕಥೆ ಏನ್ ಮಾಡ್ಲಿ ಸಾರ್?" ಎನ್ನುತ್ತಾರೆ.

"ನಿಮ್ದು ಇನ್ನೂ ಬರೀತಾ ಇರೋದು. ಇದು ಬರ್ದು ಮುಗ್ಸಿರೋದು."

ಪಿಳ್ಳಪ್ಪ ಫೋನು ಆರಿಸದೆ ಪಕ್ಕಕ್ಕಿಟ್ಟು ಬ್ಲೇಡು ಕೈಗೆತ್ತಿಕೊಳ್ಳುತ್ತಾರೆ. "ಅವತ್ತು ಯಾರ್ಗೂ ಹೇಳ್ದೆ ಅಂಟಿಸ್ದೆ. ಇವತ್ತು ಹೇಳ್ಬುಟ್ಟೇ ಮೂರನೇ ರೀಲಿಗೆ ಅಂಟಿಸ್ತಾ ಇವ್ನಿ, ಕೇಳಿಸ್ಕೊಳ್ಳಿ."