ಬೇಕರಿಯ ಗೋಡೆಯ ಮೇಲೆ ಜೆಸ್ಸಿಕಾಳ ಹಕ್ಕಿ

ಕೇಕಿನ ಮೇಲೆ ಏನು ಬರೆಯಬೇಕೆಂದು ಬೇಕರಿಯ ಮುಷರಫ ಮತ್ತೊಮ್ಮೆ ಕೇಳಿದ.

“ಜೆಸ್ಸಿಕಾ ಅಂತ ಪೂರಾ ಬರೀಲೇನ್ರಿ ಟೀಚರ್, ಇಲ್ಲಾ ಜೆಸ್ಸಿ ಅಂದ್ರ ಸಾಕೋ?”

ವಿಕ್ಟೋರಿಯಾ ಅವರ ಕಣ್ಣು ಮುಷರಫನ ತಲೆಯ ಮೇಲಿನ ಗೋಡೆಯಲ್ಲಿತ್ತು. ಅಲ್ಲಿ ನೀಲಿ ಕಾಗದದ ಹಕ್ಕಿಗಳ ಸಾಲೊಂದು, ರೆಕ್ಕೆಗೆ ರೆಕ್ಕೆ ತಾಗಿಸಿಕೊಂಡು, ಫ್ಯಾನಿನ ಗಾಳಿಗೆ ಅಲುಗಾಡುತ್ತಿತ್ತು.

“ಅದು ಎಲ್ಲಿಂದ ಬಂತು?”

“ಹಕ್ಕೀನಾ? ಡೆಕೋರೇಶನ್ ಮಾಡೋರದ್ರಿ. ಸ್ಯಾಂಪಲ್ ಹಚ್ಚಿ ಹೋಗ್ಯಾರ. ಹೊಸಾ ಡಿಸೈನ್ ಅಂತ, ಛಲೋ ಹೊಂಟೈತಿ.”

“ಯಾರು ಹಚ್ಚಿ ಹೋದವರು?”

“ಒಬ್ಬಾಕಿ ಹೆಣ್ಣಮಗಳ್ರಿ. ಧಾರವಾಡದಿಂದ ಸ್ಕೂಟಿ ಮ್ಯಾಲೆ ಬರ್ತಾಳ. ಹೆಸರು ನಮ್ಮ ಭಾಯಿಗೆ ಗೊತ್ತು, ಅಂವ ಊರಿಗೆ ಹೋಗ್ಯಾನ.” ಸ್ಟೂಲು ಹತ್ತಿ ಒಂದು ಹಕ್ಕಿಯನ್ನು ಬಿಡಿಸಿ ಕೊಟ್ಟ. “ಬೇಕಾದ್ರ ಒಂದು ಒಯ್ರಿ. ಮೊಮ್ಮಗಳಿಗೆ ಆದೀತು.”

ವಿಕ್ಟೋರಿಯಾ ಅದನ್ನು ಸರಿಯಾಗಿ ನೋಡಲಿಲ್ಲ. ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿಕೊಂಡು, ಕೇಕಿನ ವಿಷಯ ಆಮೇಲೆ ಹೇಳುತ್ತೇನೆ ಎಂದು ಹುಬ್ಬಳ್ಳಿಯ ದೇಶಪಾಂಡೆ ನಗರದ ಆ ಬೇಕರಿಯಿಂದ ಹೊರಬಿದ್ದರು. ಮುಷರಫನ ಭಾಯಿ ಯಾವಾಗ ಬರುತ್ತಾನೆ ಎಂದೂ ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಧಾರವಾಡದಿಂದ ಸ್ಕೂಟಿ ಮೇಲೆ ಓಡಾಡುವ ಹೆಣ್ಣುಮಗಳೊಬ್ಬಳು ಅವರ ಮನೆಯಲ್ಲೇ ಇದ್ದಳು: ಸೊಸೆ ಸ್ವೀಟಿ.

ಧಾರವಾಡದ ಹಳಿಯಾಳ ರಸ್ತೆಯ ಹಿಂದಿನ ಓಣಿಯಲ್ಲಿರುವ ಅವರ ಮನೆಯಲ್ಲಿ ಕಾಗದಕ್ಕೊಂದು ಪದ್ಧತಿ ಇದೆ. ಗಂಡ ಎಡ್ವಿನ್ನರ ಅಜ್ಜಿ ಮಿಶನ್ ಶಾಲೆಯ ಬೋರ್ಡಿಂಗಿನಲ್ಲಿ ಕಲಿತು ಬಂದದ್ದು. ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೆ ಒಂದು ಕಾಗದದ ಚಿತ್ರ ಇರುತ್ತದೆ. ಅದಕ್ಕೆ ‘ಗುರುತು’ ಎನ್ನುತ್ತಾರೆ. ಎಡ್ವಿನ್ನರದು ಮೀನು, ಮಗ ಜೋಯೆಲ್‌ನದು ಅಂಜೂರದ ಎಲೆ. ಸೊಸೆಯಾಗಿ ಬಂದವರಿಗೆ ಮೊದಲ ಕ್ರಿಸ್‌ಮಸ್ಸಿನ ದಿನ ಸಿಗುತ್ತದೆ. ವಿಕ್ಟೋರಿಯಾಗೆ ದಾಳಿಂಬೆ ಸಿಕ್ಕಿತ್ತು, ಸ್ವೀಟಿಗೆ ಮಲ್ಲಿಗೆ ಮೊಗ್ಗು. ಹುಟ್ಟುಹಬ್ಬದ ಬೆಳಿಗ್ಗೆ ಹೊಸ ಕಾಗದ ಮಡಚಿ, ಅದೇ ಚಿತ್ರವನ್ನು ಸಾಲಾಗಿ ಕತ್ತರಿಸಿ ತಲಬಾಗಿಲಿಗೆ ಕಟ್ಟುತ್ತಾರೆ. ಸಂಜೆ ಪ್ರಾರ್ಥನೆಯಾದ ಮೇಲೆ ಬಿಚ್ಚಿ ಟ್ರಂಕಿಗೆ ಹಾಕುತ್ತಾರೆ. ಸತ್ತವರ ಜೊತೆ ಶವಪೆಟ್ಟಿಗೆಯಲ್ಲಿ ಕೊನೆಯ ವರ್ಷದ ಗುರುತು ಹೋಗುತ್ತದೆ. ಅತ್ತೆಯ ಕೈಗೆ ಅದನ್ನು ಇಟ್ಟವರು ವಿಕ್ಟೋರಿಯಾ.

ಮಗುವಿನ ಗುರುತಿಗೆ ಇನ್ನೊಂದು ಕಟ್ಟುಪಾಡು ಇದೆ. ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಅದು ಮನೆಯಿಂದ ಹೊರಗೆ ಯಾರ ಕಣ್ಣಿಗೂ ಬೀಳಬಾರದು. ಅದರ ಕೆಳಗೆ ಮೊದಲು ಹಾಯಬೇಕಾದದ್ದು ಆ ಮಗುವೇ.

ಮೊಮ್ಮಗಳು ಜೆಸ್ಸಿಕಾಗೆ ಒಂದು ವರ್ಷ ತುಂಬುವುದು ಜನವರಿಯ ಕೊನೆಯ ಶನಿವಾರ. ಅವಳ ಗುರುತಾದ ಹಕ್ಕಿ ಆಗಲೇ ಹುಬ್ಬಳ್ಳಿಯ ಬೇಕರಿಯೊಂದರಲ್ಲಿ, ಕಂಡವರ ಮಕ್ಕಳ ಹುಟ್ಟುಹಬ್ಬಕ್ಕೆ ಮಾರಾಟಕ್ಕಿತ್ತು.

ಮನೆಗೆ ಬಂದ ವಿಕ್ಟೋರಿಯಾ ಸೊಸೆಯನ್ನು ನೋಡತೊಡಗಿದರು. ಮೂವತ್ತು ವರ್ಷ ಆ ಮಿಶನ್ ಶಾಲೆಯ ಬಾಲವಾಡಿ ಮಕ್ಕಳನ್ನು ಕಾದವರಿಗೆ ನೋಡುವುದು ಕಷ್ಟವಲ್ಲ. ಸತ್ತೂರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸ್ವೀಟಿ ಬಂದೊಡನೆ ಫೋನನ್ನು ಬೋರಲು ಇಡುತ್ತಿದ್ದಳು. ಮೊದಲೂ ಹಾಗೇ ಇಡುತ್ತಿದ್ದಳೋ ಏನೋ, ವಿಕ್ಟೋರಿಯಾಗೆ ನೆನಪಾಗಲಿಲ್ಲ. ಒಂದು ಕರೆ ಬಂದಾಗ ಹಿತ್ತಲಿಗೆ ಹೋಗಿ ಮಾತಾಡಿದಳು. “ಆರ್ಡರ್” ಎಂಬ ಒಂದು ಮಾತು ಕೇಳಿಸಿತು. ಲ್ಯಾಬಿನಲ್ಲಿಯೂ ಆರ್ಡರ್ ಇರುತ್ತವೆ. ಆದರೆ ಕ್ರಿಸ್‌ಮಸ್ಸಿನ ಹಿಂದಿನ ವಾರ, ಗುರುತಿಗೆಂದು ತಾವು ಕತ್ತರಿಸಿದ ಕೊನೆಯ ಹಕ್ಕಿಯನ್ನು ಬಿಡಿಸಿ ಅಡುಗೆಮನೆಯಲ್ಲಿ ತೋರಿಸಿದಾಗ, ಫೋಟೋ ಹೊಡೆದುಕೊಂಡವಳು ಅವಳೊಬ್ಬಳೇ. ಹೆಂಗ ಮಡಚತೀರಿ ಎಂದು ಕೇಳಿದವಳೂ ಅವಳೇ. ಅಂದಿನಿಂದ ಆ ಹಕ್ಕಿ ಟ್ರಂಕಿನೊಳಗಿದೆ, ಬೀಗದಲ್ಲಿ.

ರೈಲ್ವೆಯಿಂದ ನಿವೃತ್ತರಾದ ಎಡ್ವಿನ್ ಹೆಂಡತಿಯ ಮುಖ ನೋಡಿ, “ಏನ, ಸಿಐಡಿ ಡ್ಯೂಟಿ ಹತ್ತಿದಂಗ ಕಾಣ್ತದಲ್ಲ?” ಎಂದರು.

ವಿಕ್ಟೋರಿಯಾ ಪರ್ಸಿನಲ್ಲಿದ್ದದ್ದನ್ನು ಹೇಳಿದರು.

“ಆಕೀನ ಮಾರ್ಯಾಳಂತ ಯಾರ ಹೇಳಿದ್ರು ನಿನಗ?”

“ಯಾರೂ ಹೇಳಬೇಕಾಗಿಲ್ಲ.”

“ಹಂಗಾದ್ರ ಬಾಯಿ ಮುಚ್ಚಿಕೊಂಡ ಇರು. ಹುಟ್ಟಿದ ಹಬ್ಬ ಮುಗೀಲಿ.”

ಬಾಯಿ ಮುಚ್ಚಿಕೊಂಡಿರುವುದು ಭಾನುವಾರದ ತನಕ ಸಾಧ್ಯವಾಯಿತು. ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ತಂದೆಯ ತೊಡೆಯ ಮೇಲೆ ಕೂತ ಜೆಸ್ಸಿಕಾ ಅನ್ನ ಹಿಸುಕುವುದನ್ನು ಸ್ವೀಟಿ ಫೋಟೋ ತೆಗೆದಳು.

“ತೆಗೀ, ತೆಗೀ,” ಎಂದರು ವಿಕ್ಟೋರಿಯಾ. “ಈಗಿನವರಿಗೆ ಮನ್ಯಾಗಿಂದು ಬೀದಿಗೆ ಹಾಕೂತನಕ ಉಂಡದ್ದು ಕರಗೂದಿಲ್ಲ. ಯಾರಿಗೆ ಎಷ್ಟಕ್ಕ ಕೊಡ್ತಾರೋ ಏನೋ.”

ಸ್ವೀಟಿ ಫೋನು ಕೆಳಗಿಟ್ಟಳು. “ಅತ್ತಿ, ನನಗ ಅನ್ನಾಕತ್ತೀರೇನ್ರಿ?”

“ನಾ ಯಾರ ಹೆಸರೂ ತಗೊಂಡಿಲ್ಲ.”

“ಹೆಸರು ತಗೊಂಡ ಮಾತಾಡ್ರಿ. ಏನ ಕೊಟ್ಟೇನಿ ನಾ? ಯಾರಿಗೆ ಕೊಟ್ಟೇನಿ?”

“ಜೆಸ್ಸಿ ಹಕ್ಕಿ ಹುಬ್ಬಳ್ಳಿ ಬೇಕರ್ಯಾಗ ತೂಗಾಕತ್ತದ. ಧಾರವಾಡದಿಂದ ಸ್ಕೂಟಿ ಮ್ಯಾಲೆ ಬಂದಾಕಿ ಹಚ್ಚಿ ಹೋಗ್ಯಾಳಂತ.”

ಜೋಯೆಲ್ ತಟ್ಟೆಯಿಂದ ತಲೆಯೆತ್ತಿದ. “ಮಮ್ಮಿ, ಧಾರವಾಡದಾಗ ಸ್ಕೂಟಿ ಒಂದ ಅದ ಏನು?”

“ಫೋಟೋ ಹೊಡದಾಕಿ ಒಬ್ಬಾಕೇನ.”

ಸ್ವೀಟಿ ಎದ್ದು ಮಗುವಿನ ಕೈ ತೊಳೆದಳು. ಸಂಜೆ ಚೀಲ ಕಟ್ಟಿಕೊಂಡು, ಮಗುವನ್ನೂ ಕರೆದುಕೊಂಡು ಹುಬ್ಬಳ್ಳಿಯ ಕೇಶ್ವಾಪುರದ ತವರಿಗೆ ಹೋದಳು. ರಾತ್ರಿ ಜೋಯೆಲ್ ತಾಯಿಯ ಕೋಣೆಯ ಬಾಗಿಲಲ್ಲಿ ನಿಂತು, ಹುಟ್ಟುಹಬ್ಬ ಅಲ್ಲೇ ಎಂದು ಹೇಳಿದ. “ಗುರುತು ಕಟ್ಟೂದು ಬ್ಯಾಡಂತ. ಕಳ್ಳಿ ಮಗಳಿಗೆ ಗುರುತು ಯಾಕ ಅಂದ್ಲು.”

ಗುರುತಿಲ್ಲದೆ ಒಂದು ವರ್ಷ ದಾಟಿದ ಮಗು ಆ ಮನೆಯಲ್ಲಿ ಇಲ್ಲಿಯವರೆಗೆ ಇರಲಿಲ್ಲ. ವಿಕ್ಟೋರಿಯಾಗೆ ಅದು ಗೊತ್ತಿತ್ತು; ಅದನ್ನು ಹೇಳಿ ಕಳಿಸಿದ ಸ್ವೀಟಿಗೂ ಗೊತ್ತಿತ್ತು.

ಮೂರು ದಿನ ಯಾರೂ ಫೋನು ಮಾಡಲಿಲ್ಲ. ಗುರುವಾರ ಡ್ಯೂಟಿ ಮುಗಿಸಿ, ಮಗುವಿನ ಸ್ವೆಟರ್ ಒಯ್ಯಲು ಸ್ವೀಟಿ ಒಬ್ಬಳೇ ಬಂದಳು. ಎಡ್ವಿನ್ ಚಹಾ ಕುಡಿ ಎಂದರು. ಒಲ್ಲೆ ಎಂದಳು. ಬಾಗಿಲ ತನಕ ಹೋಗಿ ತಿರುಗಿ ಬಂದಳು.

“ಬೇಕರ್ಯಾಗಿಂದ ತಂದೀರಲ್ಲ, ಅದನ್ನ ತೋರಸ್ರಿ ನನಗ. ಏನ ಮಾರೇನಿ ಅಂತ ನಾನೂ ನೋಡತೇನಿ.”

ವಿಕ್ಟೋರಿಯಾ ಪರ್ಸು ತೆರೆದು ಕೊಟ್ಟರು. ಸ್ವೀಟಿ ಮಡಿಕೆ ಬಿಡಿಸಿ ಊಟದ ಮೇಜಿನ ಮೇಲೆ ಹರಡಿದಳು. ಪಕ್ಕದಲ್ಲಿ ತನ್ನ ಫೋನಿನ ಫೋಟೋ ತೆರೆದಿಟ್ಟಳು. ಎರಡನ್ನೂ ಹೋಲಿಸಿ ನೋಡಿದಳು.

“ಇದರ ಬಾಲಕ್ಕ ಮೂರು ಗರಿ ಅದಾವು. ನೀವು ನನಗ ತೋರಿಸಿದ್ದಕ್ಕ ಎರಡು.”

ವಿಕ್ಟೋರಿಯಾ ಕನ್ನಡಕ ಹಾಕಿಕೊಂಡರು.

“ಈ ಹಕ್ಕಿ ನಿಮಗ ಹೇಳಿದಾಕಿ ನಾನು,” ಎಂದಳು ಸ್ವೀಟಿ. “ಹೆರಿಗಿ ದಿವಸ ವಾರ್ಡಿನ ಕಿಟಕಿ ಹೊರಗ ತಂತಿ ಮ್ಯಾಲೆ ಕೂತಿತ್ತು. ಬಾಲ ಕತ್ತರಿಗತೆ ಇಬ್ಭಾಗ ಆಗಿತ್ತು. ನಾ ಮಾರೂದಿದ್ರ ಮೂರು ಗರಿ ಯಾಕ ಕತ್ತರಸ್ಲಿ?”

ಹಕ್ಕಿಗಳ ಪುಸ್ತಕದಲ್ಲಿ ಅದಕ್ಕೆ ಕಾಜಾಣ ಎಂಬ ಹೆಸರಿದೆ. ಅದರ ಬಾಲ ಕವಲಾಗಿರುತ್ತದೆ. ಆದರೆ ವಿಕ್ಟೋರಿಯಾ ಮೊದಲು ಕತ್ತರಿಸಿದ್ದು ಮೂರು ಗರಿ: ಅಪ್ಪ, ಅವ್ವ, ಮಗು ಎಂದು ಲೆಕ್ಕ ಹಾಕಿ. ನಡುವಿನ ಗರಿ ಸರಿಯಾಗಿ ಮಡಿಕೆಯ ಗೆರೆಯ ಮೇಲೆ ಬಂತು, ಬಿಡಿಸಿದಾಗಲೆಲ್ಲ ಹರಿಯಿತು. ಹಾಗಾಗಿ ಅದನ್ನು ಕೈಬಿಟ್ಟು ಎರಡಕ್ಕೆ ಇಳಿಸಿದ್ದರು. ಮೂರು ಗರಿಯವನ್ನು ಕತ್ತರಿಸಿದ್ದು ಸ್ವೀಟಿ ಡ್ಯೂಟಿಗೆ ಹೋದ ಹೊತ್ತಿನಲ್ಲಿ. ಅವಳು ಅವನ್ನು ನೋಡಿಯೇ ಇರಲಿಲ್ಲ; ನೋಡಿದವರು ಎಡ್ವಿನ್ ಒಬ್ಬರೇ.

“ಆ ಹರಕ ಕಾಗದ ಎಲ್ಲಿ ಒಗದಿ?” ಎಂದು ಎಡ್ವಿನ್ ಕೇಳಿದರು.

ವಿಕ್ಟೋರಿಯಾ ಕಾಗದ ಒಗೆಯುವವರಲ್ಲ. ಕತ್ತರಿಸಿ ನೋಡಿದ್ದು ಗುರುತಲ್ಲ, ಬರೀ ಕಾಗದ. ಕ್ರಿಸ್‌ಮಸ್ಸಿನಲ್ಲಿ ಓಣಿಗೂ ಗೆಳತಿಯರಿಗೂ ಕರ್ಚಿಕಾಯಿ, ಚಕ್ಕುಲಿ ಕಳಿಸುವಾಗ ಎಣ್ಣೆ ಹೀರಲಿ ಎಂದು ಡಬ್ಬಿಯ ತಳಕ್ಕೆ ಅಂಥ ಕಾಗದವನ್ನೇ ಹಾಕುವುದು ಅವರ ಎಷ್ಟೋ ವರ್ಷದ ರೂಢಿ.

“ಸುಲಭಾನ ಡಬ್ಬಿ,” ಎಂದರು. ಆಮೇಲೆ, “ಋತುಜಾಗೂ ಸ್ಕೂಟಿ ಅದ,” ಎಂದರು.

ಸುಲಭಾ ಅದೇ ಮಿಶನ್ ಶಾಲೆಯಲ್ಲಿ ಅವರ ಜೊತೆ ಸಂಗೀತ ಕಲಿಸುತ್ತಿದ್ದವರು. ಮಗಳು ಋತುಜಾ ಮಾಳಮಡ್ಡಿಯ ಮನೆಯ ಮುಂದಿನ ಕೋಣೆಯಲ್ಲಿ ಕಾಗದ ಕತ್ತರಿಸುವ ಯಂತ್ರವೊಂದನ್ನು ಇಟ್ಟುಕೊಂಡು ಹುಟ್ಟುಹಬ್ಬ, ಮುಂಜಿಗಳಿಗೆ ಅಲಂಕಾರ ಮಾಡಿಕೊಡುತ್ತಾಳೆ. ಅತ್ತೆ ಸೊಸೆ ಒಂದೇ ಸ್ಕೂಟಿಯಲ್ಲಿ ಹೋದರು. ದಾರಿಯಲ್ಲಿ ಹಿಂದೆ ಕೂತ ವಿಕ್ಟೋರಿಯಾಗೆ ಇನ್ನೊಂದು ಸಂಶಯ ಬಂದಿತ್ತು: ಸ್ವೀಟಿ, ಋತುಜಾ ಇಬ್ಬರೂ ಒಂದೇ ವಯಸ್ಸಿನವರು, ಒಬ್ಬರ ನಂಬರು ಒಬ್ಬರ ಬಳಿ ಇದ್ದೀತು.

ಬಾಗಿಲು ತೆರೆದ ಋತುಜಾ ಮುಖ ಅರಳಿಸಿದಳು. “ಬರ್ರಿ ಟೀಚರ್! ಅವ್ವಾ, ಯಾರ ಬಂದಾರ ನೋಡು. ನಿಮ್ಮ ಹಕ್ಕಿ ಹುಬ್ಬಳ್ಳಿಗೆ ಹಾರಿ ಹೋಗ್ಯಾವ, ನೋಡಿದ್ರೇನು?”

“ನೋಡಿದೆ. ನಿನಗ ಎಲ್ಲಿ ಸಿಕ್ತು?”

“ಕರ್ಚಿಕಾಯಿ ಕೆಳಗ! ಇಷ್ಟ ಚಂದಾಗಿ ಕತ್ತರಿಸಿ ಡಬ್ಬಿ ತಳಕ್ಕ ಹಾಕ್ಯಾರ, ನಮಗಂತನ ಕಳಿಸಿರಬೇಕು ಅಂದ್ಕೊಂಡೆ.” ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದಳು. ಅದರಲ್ಲಿ ಬಿಳಿ ಕಾಗದದ ಮೂರು ಗರಿಯ ಹಕ್ಕಿ ಇತ್ತು. ಮೈತುಂಬ ಎಣ್ಣೆಯ ಕಲೆ, ನಡುವಿನ ಗರಿ ಹರಿದಿತ್ತು. “ಹರದದ್ದನ್ನ ಕಂಪ್ಯೂಟರಿನ್ಯಾಗ ಜೋಡಿಸಿದೆ. ಯಾಕ್ರಿ, ತಪ್ಪಾತೇನು?”

ಸುಲಭಾ ಅಡುಗೆಮನೆಯಿಂದ ಬಂದು ಮೂವರ ಮುಖ ನೋಡಿದರು. “ಕೇಳಿ ಮಾಡು ಅಂತ ಹೇಳಿದ್ದೆ ನಾ ಈಕಿಗೆ,” ಎಂದರು. “ಕೂಡ್ರಿ ವಿಕ್ಟೋರಿಯಾ. ಯಾಕ ಹಂಗ ನಿಂತೀರಿ?”

ವಿಕ್ಟೋರಿಯಾ ಎಣ್ಣೆಯ ಕಾಗದವನ್ನು ಬೆಳಕಿಗೆ ಹಿಡಿದು ಅಂಚನ್ನು ಬೆರಳಿನಿಂದ ಸವರಿದರು. ರೆಕ್ಕೆಯ ತಿರುವಿನಲ್ಲಿ ಕತ್ತರಿ ಒಮ್ಮೆ ನಿಂತು ಮತ್ತೆ ಹೊರಟ ಕಚ್ಚು ಇತ್ತು. ಅದು ಅವರ ಕೈಯ ಕಚ್ಚು.

“ನಂದೇ,” ಎಂದರು. “ನಾನೇ ಕಳಿಸಿದ್ದು.”

ಋತುಜಾ ಹಕ್ಕಿಗಳನ್ನು ಬೇಕರಿಯಿಂದ ತೆಗೆಸುತ್ತೇನೆ ಎಂದಳು. ಉತ್ತರ ಕೊಟ್ಟದ್ದು ಸ್ವೀಟಿ: “ಇರಲಿ ಬಿಡ್ರಿ. ಮೂರು ಗರಿದು ನಮ್ಮ ಜೆಸ್ಸಿದಲ್ಲ.”

ಹೊರಗೆ ಬಂದು ಸ್ಕೂಟಿಯ ಬಳಿ ನಿಂತಾಗ ವಿಕ್ಟೋರಿಯಾ, “ನನ್ನದು ತಪ್ಪಾತವಾ,” ಎಂದರು. “ಶನಿವಾರ ಮನಿಗೆ ಬಾ. ಗುರುತು ಕಟ್ಟೋಣು.”

ಸ್ವೀಟಿ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಿದ್ದಳು. “ಮನ್ಯಾಗ ಎಲ್ಲಾರ ಮುಂದ ಕಳ್ಳಿ ಮಾಡಿದ್ರಿ, ಇಲ್ಲಿ ರಸ್ತ್ಯಾಗ ತಪ್ಪಾತು ಅಂತೀರಿ,” ಎಂದಳು. “ನಮ್ಮ ಅವ್ವನ ಕಡೆಯವರಿಗೆ ಹೇಳಿ ಆಗೇದ. ಹಬ್ಬ ಕೇಶ್ವಾಪುರದಾಗನ. ಗುರುತು ಕಟ್ಟೂದಿದ್ರ ನೀವ ಅಲ್ಲಿಗೆ ಬರ್ರಿ. ಮಡಚೂದು ನನಗ ಕಲಸ್ರಿ. ಕತ್ತರಸಾಕಿ ನಾನು.”

ಕಾಗದ ಮಡಚುವ ಕ್ರಮವನ್ನು ವಿಕ್ಟೋರಿಯಾಗೆ ಅತ್ತೆ ಹೇಳಿಕೊಟ್ಟದ್ದು ಕೊನೆಯ ಕಾಯಿಲೆಯಲ್ಲಿ, ಹಾಸಿಗೆಯಲ್ಲಿ ಮಲಗಿಕೊಂಡು. ಅದಕ್ಕೂ ಮುಂಚೆ ಕೊಡುವ ರೂಢಿ ಇರಲಿಲ್ಲ. ವಿಕ್ಟೋರಿಯಾ “ಆತು,” ಎಂದು ಸ್ಕೂಟಿ ಹತ್ತಿದರು.

ಶನಿವಾರ ಬೆಳಕು ಹರಿಯುವ ಮುಂಚೆ ಅವರೂ ಎಡ್ವಿನ್ನರೂ ಹುಬ್ಬಳ್ಳಿಯ ಬಸ್ಸು ಹತ್ತಿದರು; ಜೋಯೆಲ್ ಹಿಂದಿನ ರಾತ್ರಿಯೇ ಹೋಗಿದ್ದ. ಕೇಶ್ವಾಪುರದ ಮನೆಯಲ್ಲಿ ಬೀಗರು ಏಳುತ್ತಿದ್ದರಷ್ಟೆ. ವಿಕ್ಟೋರಿಯಾ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬೀಗರ ಮುಂದೆ, “ನಿಮ್ಮ ಮಗಳ ಮ್ಯಾಲೆ ಸುಳ್ಳ ಅಪವಾದ ಹೊರಿಸಿದ್ದೆ,” ಎಂದರು. ಬೀಗತಿ ಕೂರಲು ಕುರ್ಚಿ ಸರಿಸಿದರು. ನಂತರ ನೆಲದ ಮೇಲೆ ಹಾಳೆ ಬಿಡಿಸಿ, ವಿಕ್ಟೋರಿಯಾ ಒಂದೊಂದೇ ಮಡಿಕೆಯನ್ನು ತೋರಿಸುತ್ತ ಹೋದರು. ಸ್ವೀಟಿ ಫೋಟೋ ತೆಗೆಯಲಿಲ್ಲ. ಒಂದು ಕಡೆ ಅವಳ ಕತ್ತರಿ ಜಾರಿ ರೆಕ್ಕೆ ಮೊಂಡಾಯಿತು. ಅತ್ತೆಯ ಕೈ ಮುಂದಕ್ಕೆ ಬಂತು, ಅರ್ಧಕ್ಕೆ ನಿಂತಿತು.

ಜೆಸ್ಸಿಕಾ ತಂದೆಯ ಹೆಗಲ ಮೇಲೆ, ತಲಬಾಗಿಲಿಗೆ ಕಟ್ಟಿದ ಎರಡು ಗರಿಯ ಹಕ್ಕಿಗಳ ಕೆಳಗೆ ಹಾಯ್ದು ಹೊರಗೆ ಬಂದಳು.

ಸಂಜೆ ಆ ಸಾಲನ್ನು ಬಿಚ್ಚಿ ಸ್ವೀಟಿ ತನ್ನ ಚೀಲದಲ್ಲಿಟ್ಟುಕೊಂಡಳು. ಮಾರ್ಚಿನಲ್ಲಿ ಎಡ್ವಿನ್ನರ ಹುಟ್ಟುಹಬ್ಬ ಬರುತ್ತದೆ. ಆ ಬೆಳಿಗ್ಗೆ ಮೀನು ಕತ್ತರಿಸುವವಳು ಸ್ವೀಟಿ.