ಕತ್ತಲಾಗಿದ್ದು ಪರದೆಗೋ ಕಣ್ಣಿಗೋ

ಕಳೆದ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿನಲ್ಲಿ ನಡೆದದ್ದು ಇದು. ಮಾಗಡಿ, ಕುದೂರು ಕಡೆ ಇಪ್ಪತ್ತಾರು ವರ್ಷ ಖಾಸಗಿ ಬಸ್ಸು ಓಡಿಸಿದವನು ನಾನು. ಅದಕ್ಕೂ ಎರಡು ವರ್ಷ ಮೊದಲು ಒಂದು ಬೆಳಿಗ್ಗೆ, ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದು, ಬಸ್ಸು ರಸ್ತೆ ಬಿಟ್ಟು ರಾಗಿ ಹೊಲಕ್ಕೆ ನುಗ್ಗಿ ನಿಂತಿತ್ತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಡಾಕ್ಟರು ಬಿ.ಪಿ. ಎಂದರು. ಅಂದಿಗೆ ಸ್ಟೇರಿಂಗು ಬಿಟ್ಟೆ.

ಆಮೇಲೆ ಮಾತ್ರೆ ನುಂಗಿಕೊಂಡು, ಮನೆಯವರ ಮೇಲೆಲ್ಲ ರೇಗಾಡಿಕೊಂಡು ಕಾಲ ಕಳೆದೆ. ಕೊನೆಗೆ ಡಾಕ್ಟರು "ಇನ್ನು ಗಾಡಿ ಓಡಿಸಬಹುದು" ಎಂದರು. ನಮ್ಮೂರಿನ ಶಾಲೆಯೊಂದರವರು ಮಕ್ಕಳ ವ್ಯಾನಿಗೆ ಕರೆದರು. ಶಾಲೆ ತೆರೆಯುವ ಸೋಮವಾರದಿಂದಲೇ ಬರುತ್ತೇನೆ ಎಂದು ಒಪ್ಪಿಕೊಂಡು ಬಂದೆ. ಅವತ್ತು ಮನೆಗೆ ಬರುವಾಗ ನನ್ನ ನಡಿಗೆಯೇ ಬೇರೆ ಇತ್ತು.

ನನ್ನ ಸೊಸೆ ಪವಿತ್ರ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಕಂಪ್ಯೂಟರ್ ಗೇಮಿನ ಹುಚ್ಚು. ಅದಕ್ಕೆಂದೇ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಜೋಡಿಸಿಕೊಂಡಿದ್ದಾಳೆ. ಪರದೆಯ ಮೇಲೆ ಚಿತ್ರ ಮೂಡಿಸುವುದು ಆ ಕಾರ್ಡಿನ ಕೆಲಸವಂತೆ. "ಮಾವ, ಕೈಗೆ ಅಭ್ಯಾಸ ತಪ್ಪೋಗಿರ್ತದೆ. ವ್ಯಾನ್ ಹತ್ತೋಕೆ ಮುಂಚೆ ಇದ್ರಲ್ಲಿ ಒಸಿ ಓಡ್ಸಿ ನೋಡಿ" ಎಂದು ಬಸ್ಸು ಓಡಿಸುವ ಗೇಮ್ ಹಾಕಿಕೊಟ್ಟಳು. ನನ್ನ ಮಗ ಆಸೆಪಟ್ಟು ತಂದು ಮೂಲೆಗೆ ಹಾಕಿದ್ದ ಆಟದ ಸ್ಟೇರಿಂಗನ್ನೂ ಪೆಡಲನ್ನೂ ಸೇರಿಸಿಕೊಟ್ಟಳು.

ಇದೇನು ಮಕ್ಕಳಾಟ ಎಂದು ನಕ್ಕವನು, ಮೂರನೇ ದಿನಕ್ಕೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಬಿಸಿಲು ಪರದೆಗೆ ಹೊಡೆಯುತ್ತದೆಂದು ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಕೋಣೆಯಲ್ಲಿ ಪರದೆಯ ಬೆಳಕು ಬಿಟ್ಟರೆ ಬೇರೆ ಬೆಳಕಿರಲಿಲ್ಲ.

ನಾಲ್ಕನೇ ದಿನ ಒಂದು ತಿರುವಿನಲ್ಲಿ ಬ್ರೇಕ್ ಹಾಕಿದೆ. ಎಲ್ಲ ಕತ್ತಲಾಯಿತು. ಬಸ್ಸಿನ ಸದ್ದು ಕಿವಿಗೆ ಬೀಳುತ್ತಲೇ ಇತ್ತು, ಕಣ್ಣಿಗೆ ಏನೂ ಇಲ್ಲ. ಗಾಬರಿಯಿಂದ ಕಣ್ಣು ಮುಚ್ಚಿ ತೆರೆದರೆ ರಸ್ತೆ ಎಂದಿನಂತೆ ಎದುರಿಗಿತ್ತು.

ಕರೆಂಟು ಹೋಗಿದ್ದರೆ ಕಂಪ್ಯೂಟರೇ ಆರಬೇಕಿತ್ತು. ಸದ್ದು ಬರುತ್ತಿದೆ ಎಂದ ಮೇಲೆ ಕೆಟ್ಟಿರುವುದು ನನ್ನ ಕಣ್ಣೇ ಎಂದುಕೊಂಡೆ. ಎದ್ದು ಬಂದು ಗೋಡೆಯ ಕ್ಯಾಲೆಂಡರ್ ನೋಡಿದೆ, ಸಣ್ಣಕ್ಷರವೂ ಓದಲು ಬಂತು. ಮಾರನೆಯ ದಿನ ಎರಡು ಸಲ ಹಾಗಾಯಿತು. ಅದರ ಮಾರನೆಯ ದಿನ ಒಂದು ಸಲವೂ ಇಲ್ಲ. ಆಮೇಲೆ ಮತ್ತೆ. ತಲೆಬುಡ ತಿಳಿಯಲಿಲ್ಲ. ಮಾತ್ರೆ ಮರೆತೆನೇ ಎಂದು ಎಣಿಸಿದೆ, ಮರೆತಿರಲಿಲ್ಲ. ಕಂಬಳಿ ಬಿಚ್ಚಿ ಬೆಳಕಿನಲ್ಲಿ ಕೂತು ಆಡಿದ್ದರೆ ಕಣ್ಣೋ ಪರದೆಯೋ ಎಂಬುದು ಒಂದೇ ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಅಷ್ಟು ಬುದ್ಧಿ ನನಗಿಲ್ಲವೆಂದಲ್ಲ. ಗೊತ್ತಾಗುವುದೇ ನನಗೆ ಬೇಕಿರಲಿಲ್ಲ.

ಸಂಜೆ ಪವಿತ್ರ "ಹೆಂಗೆ ಓಡ್ತೈತೆ ಮಾವ ಬಸ್ಸು?" ಎಂದು ಕೇಳಿದರೆ "ಚೆನ್ನಾಗೈತೆ ಕಣವ್ವ" ಎನ್ನುತ್ತಿದ್ದೆ.

ಶಾಲೆ ತೆರೆಯುವ ಹಿಂದಿನ ದಿನ, ಭಾನುವಾರ. ಪವಿತ್ರಳಿಗೆ ರಜ. ಟೀ ಹಿಡಿದು ಪಕ್ಕದಲ್ಲೇ ಕೂತು ನಾನು ಓಡಿಸುವುದನ್ನು ನೋಡುತ್ತಿದ್ದಳು. ಇಳಿಜಾರು ಬಂತು, ಬ್ರೇಕ್ ತುಳಿದೆ, ಕತ್ತಲಾಯಿತು. ನಾನು ಏನೂ ಆಗದವನಂತೆ ಸ್ಟೇರಿಂಗು ಹಿಡಿದೇ ಕೂತೆ.

"ಅಯ್ಯೋ, ಸ್ಕ್ರೀನ್ ಹೋಯ್ತಲ್ಲ ಮಾವ" ಎಂದಳು.

"ನಿಂಗೂ ಕಾಣ್ಸಲಿಲ್ವ?"

"ಇಲ್ಲ. ಯಾಕೆ?"

ಅವಳಾಗಲೇ ಕಂಪ್ಯೂಟರಿನ ಮುಂದೆ ಕೂತು ಕೆಲಸ ಶುರು ಮಾಡಿದ್ದಳು. ಕಾರ್ಡು ಬಿಸಿಯಾಗಿರಬೇಕು ಎಂದು ಕಂಪ್ಯೂಟರಿನ ಡಬ್ಬ ಬಿಚ್ಚಿ ಬ್ರಷ್ಷಿನಲ್ಲಿ ದೂಳು ಹೊಡೆದಳು. ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದಳು. ಆಮೇಲೆ ತನ್ನ ಗುಂಡು ಹಾರಿಸುವ ಗೇಮನ್ನು ಅರ್ಧ ಗಂಟೆ ಆಡಿದಳು. ಪರದೆ ಒಮ್ಮೆಯೂ ಮಿಟುಕಲಿಲ್ಲ.

"ಕಾರ್ಡ್ ಸರಿಯಾಗೇ ಐತಲ್ಲ ಮಾವ" ಎಂದಾಗ ನನ್ನ ಕಣ್ಣಿನ ಮೇಲೆ ಮತ್ತೆ ಅನುಮಾನ ಬಂತು. ಅವಳೂ ನೋಡಿದ್ದಾಳೆ ಎಂದು ಗೊತ್ತಿದ್ದರೂ ನನಗೆ ನಂಬಿಕೆ ಬರಲೊಲ್ಲದು. ನಾನು ಕೂತೆ, ಮೊದಲ ತಿರುವಿಗೇ ಕತ್ತಲು. ಅವಳು ಕೂತಳು, ಏನೂ ಇಲ್ಲ. ಇಬ್ಬರೂ ಮಿಕಿಮಿಕಿ ನೋಡಿಕೊಂಡೆವು.

"ನೀವು ಓಡ್ಸಿ, ನಾನು ಕೆಳಗೆ ಕೂತ್ಕೊಂಡು ನೋಡ್ತೀನಿ" ಎಂದು ಟಾರ್ಚ್ ಹಿಡಿದು ಮೇಜಿನ ಕೆಳಗೆ ಕೂತಳು. ನಾನು ಬ್ರೇಕ್ ತುಳಿದೆ. ಅವಳು ನಗಲು ಶುರುವಿಟ್ಟಳು.

ಪೆಡಲುಗಳ ಹಿಂದೆಯೇ ಕಂಪ್ಯೂಟರಿನ ಡಬ್ಬ ಇತ್ತು. ನಾನು ಬ್ರೇಕ್ ತುಳಿದಾಗೆಲ್ಲ ಪೆಡಲು ಹಿಂದಕ್ಕೆ ಜಾರಿ ಡಬ್ಬಕ್ಕೆ ಗುದ್ದುತ್ತಿತ್ತು. ಒಳಗೆ ಆ ಭಾರದ ಕಾರ್ಡನ್ನು ಬಿಗಿಹಿಡಿಯಬೇಕಾದ ತಿರುಪನ್ನೇ ಯಾರೂ ಹಾಕಿರಲಿಲ್ಲ. ಜೋರಾಗಿ ಗುದ್ದಿದಾಗ ಕಾರ್ಡು ವಾಲಿ, ಅದರಿಂದ ಪರದೆಗೆ ಹೋಗುವ ವೈರಿನ ಹಿಡಿತ ತಪ್ಪುತ್ತಿತ್ತು, ಕಾಲು ಸಡಿಲಿಸಿದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಅವಳು ಆಡುವುದು ಕೀಬೋರ್ಡಿನಲ್ಲಿ, ಕಾಲಿಗೆ ಕೆಲಸವೇ ಇಲ್ಲ.

"ಮಾವ, ಅದು ಪ್ಲಾಸ್ಟಿಕ್ ಪೆಡಲು. ಐವತ್ತು ಜನ ಇರೋ ಬಸ್ಸು ನಿಲ್ಸೋ ಹಂಗೆ ತುಳೀತಿದ್ದೀರ" ಎಂದಳು. ಡಬ್ಬವನ್ನು ಎತ್ತಿ ಮೇಜಿನ ಮೇಲಿಟ್ಟು, ತಿರುಪು ಬಿಗಿದು, ಮತ್ತೆ ಓಡಿಸಿ ಎಂದಳು. ಹತ್ತು ಸಲ ಬ್ರೇಕ್ ಹಾಕಿದೆ. ಒಂದು ಸಲವೂ ಕತ್ತಲಾಗಲಿಲ್ಲ.

ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಕಾರ್ಡು ಹಾಳು ಮಾಡಿದೆನೆಂದು ಅಳುತ್ತಿದ್ದೇನೆ ಎಂದುಕೊಂಡಳು ಪಾಪ. "ಏನೂ ಆಗಿಲ್ಲ ಬುಡಿ ಮಾವ, ಒಂದು ತಿರುಪು ತಾನೇ" ಎಂದಳು. ಆಗ ಎಲ್ಲ ಹೇಳಿದೆ. ಒಂದು ವಾರದಿಂದ ನನ್ನ ಕಣ್ಣಿಗೇ ಕತ್ತಲೆ ಬರುತ್ತಿದೆ ಎಂದುಕೊಂಡಿದ್ದೆ, ಯಾರಿಗೂ ಹೇಳಲು ಧೈರ್ಯ ಬರಲಿಲ್ಲ ಎಂದೆ.

ಅವಳ ಮುಖದ ನಗು ಹೋಯಿತು. "ಹಂಗಾದ್ರೆ ನಾಳೆ ವ್ಯಾನ್ ಓಡ್ಸೋಕೆ ಹೋಗ್ತಿದ್ರಾ ಮಾವ?" ಎಂದು ಮೆಲ್ಲಗೆ ಕೇಳಿದಳು. ನಾನು ಎದ್ದು ಕಿಟಕಿಯ ಕಂಬಳಿ ಬಿಚ್ಚತೊಡಗಿದೆ. ಅವಳು ಇನ್ನೊಮ್ಮೆ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗಿ, ವ್ಯಾನಿನ ಬೀಗದ ಕೈ ಮುಟ್ಟದೆ, ಹಳೆಯ ಕಥೆಯನ್ನೂ ಆ ವಾರದ ಕಥೆಯನ್ನೂ ಹೇಳಿದೆ. ಅವರು ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಡಾಕ್ಟರು ಎಲ್ಲ ನೋಡಿ, ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟರು. ಹದಿನೈದು ದಿನ ತಡವಾಗಿ ವ್ಯಾನ್ ಹತ್ತಿದೆ, ಇವತ್ತಿಗೂ ಓಡಿಸುತ್ತಿದ್ದೇನೆ.

ದಿನಾ ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಎತ್ತಿ ವ್ಯಾನಿಗೆ ಹತ್ತಿಸುತ್ತಾ "ಹುಸಾರು ಕಣಣ್ಣ" ಎನ್ನುತ್ತಾರೆ. ಆಗೆಲ್ಲ ಪವಿತ್ರಳ ಪ್ರಶ್ನೆ ನೆನಪಾಗುತ್ತದೆ. ಆ ಭಾನುವಾರ ಅವಳು ಪಕ್ಕದಲ್ಲಿ ಬಂದು ಕೂರದೇ ಇದ್ದಿದ್ದರೆ, ನಾನು ಸೋಮವಾರ ಏನು ಮಾಡುತ್ತಿದ್ದೆ? ಹೋಗುತ್ತಿರಲಿಲ್ಲ ಎಂದು ಹೇಳಬೇಕೆಂಬ ಆಸೆ ನನಗೂ ಇದೆ. ಆದರೆ ಶನಿವಾರ ರಾತ್ರಿಯೇ ನಾನು ಖಾಕಿ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದ್ದೆ.